ಎಚ್‌ಎಂ-2: ನಾಲ್ಕೂ ನಾಬ್ ಪೂರ್ತಿ ಬಲಕ್ಕೆ

ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ, ಅಂದರೆ ಬಾಸ್ ಕಂಪನಿಯ ಎಚ್‌ಎಂ-2 ಹೆವಿ ಮೆಟಲ್ ಪೆಡಲ್ ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 1991ರಲ್ಲಿ. ತಮಾಷೆ ಎಂದರೆ, ಕಂಪನಿ ಅದನ್ನು ಕೈಬಿಡುವ ಹೊತ್ತಿಗೇ ಸ್ಟಾಕ್‌ಹೋಮ್‌ನ ಹುಡುಗರು ಅದರ ನಿಜವಾದ ಉಪಯೋಗ ಕಂಡುಕೊಂಡಿದ್ದರು. ನಿಹಿಲಿಸ್ಟ್ ಬ್ಯಾಂಡ್, ಅದರಿಂದ ಹುಟ್ಟಿದ ಎಂಟೂಂಬ್ಡ್, ಆಮೇಲೆ ಡಿಸ್‌ಮೆಂಬರ್. ಸನ್‌ಲೈಟ್ ಸ್ಟುಡಿಯೋದಲ್ಲಿ ಟೋಮಸ್ ಸ್ಕೋಗ್ಸ್‌ಬರ್ಗ್ ರೆಕಾರ್ಡ್ ಮಾಡಿದ ಎಂಟೂಂಬ್ಡ್‌ನ 1990ರ ಮೊದಲ ಆಲ್ಬಂ ಕೇಳಿದರೆ ಗಿಟಾರ್ ಬದಲು ಮರ ಕೊಯ್ಯುವ ಗರಗಸ ಕೇಳಿಸುತ್ತದೆ. ಸ್ವೀಡಿಷ್ ಡೆತ್ ಮೆಟಲ್ಲಿನ ಗುರುತೇ ಆ ಸದ್ದು.

ಅದು ಬರುವುದು ಡಿಸ್ಟಾರ್ಷನ್ (ಸಿಗ್ನಲ್ ಒಡೆದು ಬರುವ ಒರಟು) ಜಾಸ್ತಿಯಾದ್ದರಿಂದ ಅಂತ ಬಹಳ ಜನ ತಿಳಿದಿದ್ದಾರೆ. ಡಿಸ್ಟಾರ್ಷನ್ ಯಾವ ಪೆಡಲ್ಲಿನಲ್ಲಿ ಇಲ್ಲ? ಇಲ್ಲಿ ಕೆಲಸ ಮಾಡುವುದು ಲೆವೆಲ್ (ಹೊರಬರುವ ಸದ್ದಿನ ಮಟ್ಟ) ಮತ್ತು ಡಿಸ್ಟ್ (ಡಿಸ್ಟಾರ್ಷನ್) ನಾಬ್‌ಗಳ ಮಧ್ಯದ ಎರಡು ಕಲರ್ ಮಿಕ್ಸ್ ನಾಬ್‌ಗಳು. 'ಎಲ್' ಸುಮಾರು 100 ಹರ್ಟ್ಸ್ ಆಸುಪಾಸನ್ನು ಎತ್ತುತ್ತದೆ. 'ಎಚ್' ಅಂದ ಮಾತ್ರಕ್ಕೆ ಅದು ಟ್ರೆಬಲ್ ಅಲ್ಲ. ಅದು ಉಬ್ಬಿಸುವುದು 1 ಕಿಲೋಹರ್ಟ್ಸ್ ಸುತ್ತಲಿನ ಮಿಡ್‌ ಅನ್ನು. ಈ ಉಬ್ಬು ಇರುವುದು ಕ್ಲಿಪ್ಪಿಂಗ್, ಅಂದರೆ ಸಿಗ್ನಲ್ಲಿನ ತುದಿ ಕತ್ತರಿಸುವ ಕೆಲಸ, ಆದ ಮೇಲೆ. ಅಂದರೆ ಆಗಲೇ ಚೂರುಚೂರಾದ ಸಿಗ್ನಲ್ಲಿನ ಕರಕರವನ್ನೇ ಹಿಡಿದು ಮುಂದಕ್ಕೆ ತಳ್ಳುತ್ತದೆ. ಗರಗಸದ ಹಲ್ಲು ಇರುವುದು ಅಲ್ಲಿ. ಜೊತೆಗೆ ಸಿಗ್ನಲ್ ಹಾದುಹೋಗುವ ದಾರಿಯಲ್ಲೇ ಒಂದು ಜೋಡಿ ಜರ್ಮೇನಿಯಂ ಡಯೋಡ್ ಕೂತಿದೆ. ತೀರಾ ಸಣ್ಣ ಸಿಗ್ನಲ್ ಅದನ್ನು ದಾಟಲಾರದು, ಹಾಗಾಗಿ ನಾದದ ಬಾಲ ನಯವಾಗಿ ಕರಗದೆ ಮುರಿದುಕೊಂಡು ನಿಲ್ಲುತ್ತದೆ.

ಹೊಂದಿಸುವ ಕ್ರಮ ಹೀಗೆ. ಆಂಪ್ ಕ್ಲೀನ್ ಚಾನೆಲ್ಲಿನಲ್ಲಿರಲಿ, ಅಥವಾ ಗಟ್ಟಿಯಾಗಿ ಮೀಟಿದಾಗ ಮಾತ್ರ ಒಡೆಯುವಷ್ಟು ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಇರಲಿ. ಆಂಪಿನ ಬೇಸ್ 3ಕ್ಕೆ, ಮಿಡ್ 5 ಅಥವಾ 6ಕ್ಕೆ, ಟ್ರೆಬಲ್ 5ಕ್ಕೆ. ಪೆಡಲ್ಲಿನ ನಾಲ್ಕೂ ನಾಬ್ ಪೂರ್ತಿ ಬಲಕ್ಕೆ. ಲೆವೆಲ್ ಕೂಡ ಏಕೆ ಅಂದರೆ, ಅದು ಆಂಪಿನ ಮೊದಲ ಹಂತವಾದ ಪ್ರಿಆಂಪನ್ನು ಗುದ್ದಿ ಇನ್ನೊಂದು ಪದರ ಒರಟು ಸೇರಿಸುತ್ತದೆ. ಮೊದಲು ಆಂಪಿನ ವಾಲ್ಯೂಮ್ ಇಳಿಸಿಕೊಂಡು ಆಮೇಲೆ ಪೆಡಲ್ ಒತ್ತಿ, ಇಲ್ಲದಿದ್ದರೆ ಕಿವಿಗೆ ಕಷ್ಟ.

ಹೈ ಗೇನ್ ಚಾನೆಲ್ಲಿಗೆ ಇದನ್ನು ಜೋಡಿಸುವುದು ಎಲ್ಲರೂ ಮಾಡುವ ತಪ್ಪು. ಗೇನಿನ ಮೇಲೆ ಗೇನ್ ಬಿದ್ದು ಪಾಮ್ ಮ್ಯೂಟ್ ಮಾಡಿದ (ಅಂಗೈ ಅಂಚಿನಿಂದ ತಂತಿ ಅದುಮಿ ಹೊಡೆದ) ಹೊಡೆತಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೈ ಗೇನೇ ಬೇಕೆಂದರೆ ಪೆಡಲ್ಲಿನ ಡಿಸ್ಟ್ ನಾಬನ್ನು ಪೂರ್ತಿ ಕೆಳಗಿಳಿಸಿ, ಕಲರ್ ಮಿಕ್ಸ್ ಎರಡನ್ನೂ ಹಾಗೇ ಬಿಡಿ. ಗರಗಸ ಉಳಿಯುತ್ತದೆ, ಕೆಸರು ಹೋಗುತ್ತದೆ. ಆ ಸದ್ದಿನ ಮೂಲ ಡಿಸ್ಟಾರ್ಷನ್ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ನುಡಿಸುವುದೂ ಬದಲಾಗಬೇಕು. ಮೂರನೇ ಸ್ವರ ಸೇರಿದ ಪೂರ್ತಿ ಕಾರ್ಡ್ ಹಿಡಿದರೆ ಬರೀ ಗದ್ದಲ. ಎರಡು ತಂತಿಯ ಪವರ್ ಕಾರ್ಡ್, ಒಂಟಿ ತಂತಿಯ ಟ್ರೆಮೊಲೊ ಪಿಕಿಂಗ್ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು), ಇಷ್ಟಕ್ಕೇ ಈ ಪೆಡಲ್ ಒಲಿಯುತ್ತದೆ. ಸ್ವೀಡಿಷ್ ರಿಫ್‌ಗಳು (ಮರುಕಳಿಸುವ ಗಿಟಾರ್ ತುಣುಕುಗಳು) ಹಾಗಿರುವುದು ಆಕಸ್ಮಿಕವಲ್ಲ, ಪೆಡಲ್ ಒಪ್ಪಿದ್ದನ್ನೇ ಅವರು ಬರೆದರು ಅಂತ ನನಗನಿಸುತ್ತದೆ. ಶ್ರುತಿಯನ್ನು ಬಿ ತನಕ ಇಳಿಸುವುದಾದರೆ ದಪ್ಪ ತಂತಿ ಹಾಕಿ. 12ರಿಂದ 60ರ ಸೆಟ್ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಸರಿಹೋಗುತ್ತದೆ. ತಂತಿ ಸಡಿಲವಾಗಿದ್ದರೆ ಎಲ್ ನಾಬ್ ಆ ಸಡಿಲವನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ನುಡಿಸದಿದ್ದಾಗ ಸದ್ದು ತಡೆಯುವ ನಾಯ್ಸ್ ಗೇಟ್ ಈ ಪೆಡಲ್ಲಿನ ನಂತರ ಬರಲಿ, ಮೊದಲಲ್ಲ. ಸುಯ್ ಅನ್ನುವ ಸದ್ದು ಹುಟ್ಟುವುದೇ ಇದರೊಳಗೆ.

ಹಳೆಯ ಪೆಡಲ್ ಕೊಂಡವರ ದೂರು ಒಂದೇ: ಎಲ್‌ಇಡಿ ಮಂಕು, ಸದ್ದು ಸಪ್ಪೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಅಡಾಪ್ಟರ್ ಜಾಕಿನ ಪಕ್ಕ ಎಸಿಎ ಅಂತ ಬರೆದಿದ್ದರೆ ಅದು 12 ವೋಲ್ಟ್‌ ಬಯಸುವ ಕಾಲದ್ದು. ಒಳಗಿನ ರೆಸಿಸ್ಟರ್ ಮತ್ತು ಡಯೋಡ್ ವೋಲ್ಟೇಜನ್ನು ಇಳಿಸುತ್ತವೆ. ಈಗಿನ ರೆಗ್ಯುಲೇಟೆಡ್ 9 ವೋಲ್ಟ್ ಅಡಾಪ್ಟರ್ ಕೊಟ್ಟರೆ ಸರ್ಕ್ಯೂಟಿಗೆ ತಲುಪುವುದು ಅದಕ್ಕಿಂತ ಕಡಿಮೆ. ಮೊದಲು ಹೊಸ 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ: ಬೆಳಕು ಸರಿಯಾದರೆ ಪೆಡಲ್ಲಿಗೆ ಏನೂ ಆಗಿಲ್ಲ. 2020ರಲ್ಲಿ ಬಂದ ಹೊಸ ಆವೃತ್ತಿ ಎಚ್‌ಎಂ-2ಡಬ್ಲ್ಯೂಗೆ ಈ ಕಾಟವಿಲ್ಲ, ಮಾಮೂಲಿ 9 ವೋಲ್ಟ್ ಸಾಕು.