ಒರತೆ ನೀರು ತಿಳಿಯಾಗಿದೆಯಾ?

ಜುಲೈ 26 ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ದಿನ. ಮಾತೆ ಮರಿಯಮ್ಮನವರ ಅಪ್ಪ ಅಮ್ಮ, ಯೇಸುಸ್ವಾಮಿಯ ಅಜ್ಜ ಅಜ್ಜಿ. ಪ್ರತಿ ವರ್ಷ ಆ ದಿನ ನಾನು ಕೊಡಗಿನ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ ಹೋಗುತ್ತೇನೆ. ಇದು ಅಮ್ಮ ಹೊತ್ತ ಹರಕೆ. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು.

ಮಾದಾಪುರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಮಡಿಕೇರಿ. ಅಲ್ಲಿಂದ ಮೂರ್ನಾಡು ದಾಟಿ ವಿರಾಜಪೇಟೆ. ಕಕ್ಕಡ ತಿಂಗಳ ಮಳೆ ಅಂದರೆ ಗೊತ್ತಲ್ವಾ, ಕೊಡೆ ಇದ್ದರೂ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ದೇವಾಲಯದ ಒಳಗೆ ಕಾಲಿಟ್ಟಾಗ ಮೇಣದ ವಾಸನೆ, ಒದ್ದೆ ಬಟ್ಟೆಯ ವಾಸನೆ ಒಟ್ಟಿಗೆ ಬರುತ್ತದೆ. ನನಗೆ ಅದೇ ಹಬ್ಬದ ವಾಸನೆ.

ಈ ದೇವಾಲಯ ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ರಾಜ ಬೇರೆ ಧರ್ಮದವನು. ಆದರೂ ಮನೆ ಕಳೆದುಕೊಂಡವರಿಗೆ ಜಾಗ ಕೊಟ್ಟ. ಈ ಕಥೆಯನ್ನು ಅಮ್ಮ ಎಷ್ಟೋ ಸಲ ಹೇಳಿದ್ದರು. 2019ರಲ್ಲಿ ನನಗೆ ಅದು ನೆನಪಾಗಲಿಲ್ಲ. ಆ ವರ್ಷದ ಮಾತನ್ನೇ ಇಲ್ಲಿ ಹೇಳಬೇಕು.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜರಿದವು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ. ನಾವು ಉಟ್ಟ ಬಟ್ಟೆಯಲ್ಲೇ ಓಡಿದವರು. ಹಟ್ಟಿಯಲ್ಲಿ ಹಸುವಿನ ಹಗ್ಗ ಬಿಚ್ಚುವುದಕ್ಕೂ ಸಮಯ ಇರಲಿಲ್ಲ. ನಮ್ಮ ಮನೆ ಉಳಿಯಿತು. ಕೆಳಗಿನ ಮನೆಯ ಅಕ್ಕನಿಗೆ ಅಡುಗೆಮನೆ, ಹಟ್ಟಿ, ಅರ್ಧ ತೋಟ ಹೋಯಿತು. ಮುಂದಿನ ಮಳೆಗಾಲ ಹತ್ತಿರ ಬಂದ ಹಾಗೆ ನಮಗೆ ಯಾರಿಗೂ ನಿದ್ದೆ ಇಲ್ಲ. ಮಾಡಿನ ಮೇಲೆ ಒಂದು ಕೊಂಬೆ ಬಿದ್ದರೂ ಎದ್ದು ಕೂರುತ್ತಿದ್ದೆವು.

ಆ ಸಮಯದಲ್ಲೇ ಒಬ್ಬರು ಬಂದರು. ಹೊರಗಿನವರು. ಒಂದು ಮನೆಯಲ್ಲಿ ಪ್ರಾರ್ಥನಾಕೂಟ ಇಟ್ಟಿದ್ದರು. ನನ್ನ ತಲೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ ಹೇಳಿದರು: "ನಿಮ್ಮ ಮನೆ ಹಿಂದಿನ ಗುಡ್ಡ ನನಗೆ ಕಾಣ್ತಾ ಇದೆ ಅಮ್ಮ. ಈ ಆಗಸ್ಟ್ ದಾಟಲ್ಲ ಅಂತ ಕರ್ತರು ಹೇಳ್ತಿದ್ದಾರೆ." ನಮ್ಮ ಕಡೆ ಯಾರ ಮನೆ ಹಿಂದೆ ಗುಡ್ಡ ಇಲ್ಲ ಹೇಳಿ? ಆದರೆ ಆಗ ಅದು ಹೊಳೆಯಲಿಲ್ಲ. ಮೂರು ಶುಕ್ರವಾರ ಉಪವಾಸ ಮಾಡಿ, ನಿಮಗೆ ಭಾರ ಅನ್ನಿಸುವಷ್ಟು ಕಾಣಿಕೆ ಕೊಡಿ ಅಂದರು. ಮಳೆಗಾಲದ ಖರ್ಚಿಗೆ ಅಂತ ತೆಗೆದಿಟ್ಟ ಕರಿಮೆಣಸಿನ ದುಡ್ಡಿತ್ತು. ಪೂರ್ತಿ ಕೊಟ್ಟೆ. ಮನೆಯವರಿಗೆ ಹೇಳಲೂ ಇಲ್ಲ.

ಅದೇ ವಾರ ಕೆಳಗಿನ ಮನೆಯ ಅಕ್ಕ ಬಂದರು. ಮಾಡಿಗೆ ನಾಲ್ಕು ಶೀಟು ಬೇಕಿತ್ತು, ಸ್ವಲ್ಪ ದುಡ್ಡು ಸಾಲ ಕೊಡುತ್ತೀಯಾ ಅಂತ ಕೇಳಿದರು. "ಈಗ ಇಲ್ಲ ಅಕ್ಕ" ಅಂದೆ. ಅವರು ಇನ್ನೊಂದು ಮಾತಾಡದೆ ಮಳೆಯಲ್ಲೇ ಇಳಿದು ಹೋದರು.

ಆಗಸ್ಟ್ ಬಂತು. ನಮ್ಮ ಗುಡ್ಡ ನಿಂತೇ ಇತ್ತು. ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜನ ಮಣ್ಣಿನಡಿ ಹೋದರು. ಆ ವ್ಯಕ್ತಿ ಫೋನ್ ಮಾಡಿದರು. "ನೋಡಿದಿರಾ, ನಿಮ್ಮ ಕಾಣಿಕೆ ನಿಮ್ಮನ್ನು ಕಾಪಾಡಿತು" ಅಂದರು. ನಾನು ಥ್ಯಾಂಕ್ಸ್ ಅಂದೆ. ರಾತ್ರಿ ಮಲಗಿದಾಗ ಎದೆ ಕಲ್ಲಾಯಿತು. ಹಾಗಾದರೆ ತೋರದ ತಾಯಂದಿರು ಪ್ರಾರ್ಥನೆ ಮಾಡಿರಲಿಲ್ಲವಾ?

ಆಮೇಲೆ ಒಂದೊಂದಾಗಿ ಬಿಡಿಸಿ ನೋಡಿದೆ. ಗುಡ್ಡ ಬಿದ್ದಿದ್ದರೆ ಅವರ ಮಾತು ನಿಜವಾಗುತ್ತಿತ್ತು. ಬೀಳದಿದ್ದರೆ ಅವರ ಪ್ರಾರ್ಥನೆ ಗೆದ್ದ ಹಾಗಾಯಿತು. ಯಾವ ಕಡೆಯಿಂದ ನೋಡಿದರೂ ಅವರು ತಪ್ಪುವ ಹಾಗೇ ಇಲ್ಲ. ಬೈಬಲ್‌ನ ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ, ಪ್ರವಾದಿ ದೇವರ ಹೆಸರಿನಲ್ಲಿ ಹೇಳಿದ ಮಾತು ನಡೆಯದಿದ್ದರೆ ಅದು ದೇವರ ಮಾತಲ್ಲ, ಅವನಿಗೆ ಹೆದರಬೇಡಿ ಅಂತ ಇದೆ. ಅಂದರೆ ಪ್ರವಾದಿ ಪರೀಕ್ಷೆಗೆ ನಿಲ್ಲಬೇಕು. ಯೆರೆಮೀಯ ನಿಂತ. ನಾಡಿಗೆ ಕೇಡು ಬರುತ್ತದೆ ಅಂತ ಸಾರಿದ ಪ್ರವಾದಿ ಅವನು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಜನರ ಮುಂದೆ ಹೇಳಿದಾಗ, ಯೆರೆಮೀಯ ಮೊದಲು "ಆಮೆನ್, ಹಾಗೇ ಆಗಲಿ" ಅಂದ. ನನಗೆ ತುಂಬ ಇಷ್ಟವಾದ ಜಾಗ ಅದು. ತನ್ನ ಮಾತು ಸುಳ್ಳಾದರೂ ಸರಿ, ಜನ ಉಳಿಯಲಿ ಅನ್ನುವ ಆಸೆ ಅವನಿಗಿತ್ತು.

ಆದರೆ ಯೋನ? ನಲವತ್ತು ದಿನದಲ್ಲಿ ನಿನೆವೆ ಪಟ್ಟಣ ಹಾಳಾಗುತ್ತದೆ ಅಂತ ಯೋನ ಸಾರಿದ. ಹಾಳಾಗಲಿಲ್ಲ. ಹಾಗಂತ ಅವನು ಸುಳ್ಳು ಪ್ರವಾದಿಯಲ್ಲ. ಇದು ನನ್ನನ್ನು ಬಹಳ ಕಾಡಿತು. ಆ ವರ್ಷ ಕ್ರಿಸ್ಮಸ್‌ಗೆ ಮುಂಚೆ ವಯಸ್ಸಾದ ಒಬ್ಬ ಗುರುಗಳ ಹತ್ತಿರ ಕೇಳಿಯೇಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯೋನ ನಿನೆವೆಯಲ್ಲಿ ಕಾಣಿಕೆ ಎತ್ತಿದ್ದು ಎಲ್ಲಾದರೂ ಓದಿದ್ದೀಯಾ ಮಗಳೇ?" ಅಂದರು. "ಅವನ ಮಾತು ಕೇಳಿ ಜನ ಏನು ಬಿಟ್ಟರು ಅಂತ ನೋಡು."

ಮನೆಗೆ ಬಂದು ಓದಿದೆ. ಅವರು ಬಿಟ್ಟದ್ದು ದುರ್ನಡತೆ, ಹಿಂಸೆ. ಕೊನೆಯಲ್ಲಿ ದೇವರು ಯೋನನಿಗೆ ಹೇಳುವ ಮಾತು ಓದುವಾಗ ಅಳು ಬಂತು. ಆ ಊರಿನಲ್ಲಿ 1,20,000ಕ್ಕಿಂತ ಜಾಸ್ತಿ ಜನ ಇದ್ದಾರೆ, ಜಾನುವಾರುಗಳೂ ಇವೆ, ನನಗೆ ಕನಿಕರ ಬೇಡವಾ ಅಂತ ಕೇಳುತ್ತಾರೆ. ದೇವರ ಲೆಕ್ಕದಲ್ಲಿ ದನಕರುಗಳೂ ಇದ್ದವು. ಹಟ್ಟಿಯಲ್ಲೇ ಉಳಿದ ನಮ್ಮ ಹಸು ನೆನಪಾಯಿತು. ನನಗೆ ಪ್ರವಾದನೆ ಅಂತ ಬಂದ ಮಾತಿನಲ್ಲಿ ನನ್ನ ಮನೆ, ನನ್ನ ಗುಡ್ಡ ಬಿಟ್ಟು ಬೇರೆ ಯಾರೂ ಇರಲಿಲ್ಲ. ಹದಿನೈದು ಹೆಜ್ಜೆ ಕೆಳಗಿನ ಅಕ್ಕನೂ ಇರಲಿಲ್ಲ.

ದೇವರು ಈಗ ಯಾರ ಬಾಯಲ್ಲೂ ಮಾತಾಡುವುದಿಲ್ಲ ಅಂತ ನಾನು ಹೇಳಲಾರೆ. ಸಂತ ಪೌಲರು ಥೆಸಲೋನಿಕದವರಿಗೆ ಬರೆದಾಗ ಪ್ರವಾದನೆಯನ್ನು ತಾತ್ಸಾರ ಮಾಡಬೇಡಿ ಅಂದರು. ಅದೇ ಉಸಿರಿನಲ್ಲಿ ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಅಂದರು. ಪ್ರೇಷಿತರ ಕಾರ್ಯಕಲಾಪಗಳ 11ನೇ ಅಧ್ಯಾಯದಲ್ಲಿ ಅಗಬ ಅನ್ನುವ ಪ್ರವಾದಿ ಬರುತ್ತಾನೆ. ದೊಡ್ಡ ಬರಗಾಲ ಬರುತ್ತದೆ ಅಂತ ಹೇಳುತ್ತಾನೆ. ಅದೂ ಹೆದರಿಸುವ ಮಾತೇ ಅಲ್ವಾ? ಆದರೆ ಕೇಳಿದವರು ಏನು ಮಾಡಿದರು? ಒಬ್ಬೊಬ್ಬರೂ ಕೈಲಾದಷ್ಟು ಕೂಡಿಸಿ ಯೂದಾಯದ ಸಹೋದರರಿಗೆ ಕಳಿಸಿದರು. ದುಡ್ಡು ಹಸಿದವರ ಕಡೆ ಹೋಯಿತು. ಆದಿ ಕ್ರೈಸ್ತರ ಕಾಲದ ದಿದಾಖೆ ಎಂಬ ಪುಟ್ಟ ಗ್ರಂಥದಲ್ಲೂ ಇದೇ ಕಟ್ಟಳೆ. ಆತ್ಮದ ಹೆಸರಿನಲ್ಲಿ ನನಗೆ ದುಡ್ಡು ಕೊಡಿ ಅಂದವನ ಮಾತು ಕೇಳಬೇಡಿ, ಇಲ್ಲದವರಿಗೆ ಕೊಡಿ ಅಂದರೆ ಅವನ ಮೇಲೆ ತೀರ್ಪು ಮಾಡಬೇಡಿ. ಇಷ್ಟು ಹಳೆಯ ಮಾತು ನನಗೆ ಮೊದಲೇ ತಿಳಿದಿದ್ದರೆ ಅಕ್ಕನ ಮಾಡಿಗೆ ಆ ಜೂನ್‌ನಲ್ಲೇ ಶೀಟು ಬರುತ್ತಿತ್ತು.

ಅಕ್ಕನ ಹತ್ತಿರ ಹೋಗಿ ಎಲ್ಲ ಹೇಳಿದೆ. ಮುಂದಿನ ವರ್ಷ ಮೆಣಸು ಮಾರಿದಾಗ ಮೊದಲು ಶೀಟು ಬಂತು. ಅವರು ಬೇಡ ಅಂದರೂ ಕೇಳಲಿಲ್ಲ.

ಸಂತ ಅನ್ನಮ್ಮನವರ ಹೆಸರು ಬೈಬಲ್‌ನಲ್ಲಿ ಎಲ್ಲೂ ಇಲ್ಲ. 2ನೇ ಶತಮಾನದ, ಯಕೋಬನ ಹೆಸರಿನಲ್ಲಿರುವ ಒಂದು ಬರಹದಿಂದ ಅದು ನಮಗೆ ಬಂದಿದೆ. ಧರ್ಮಸಭೆ ಆ ಬರಹವನ್ನು ಪವಿತ್ರ ಗ್ರಂಥಕ್ಕೆ ಸೇರಿಸಲಿಲ್ಲ. ಆದರೆ ಅಜ್ಜಿಯನ್ನು ಬಿಟ್ಟುಕೊಡಲೂ ಇಲ್ಲ. ಜರಡಿ ಹಿಡಿಯುವುದು ಅಂದರೆ ಹೀಗೆ ಅಂತ ಅವರ ಪ್ರತಿಮೆಯ ಮುಂದೆ ಕೂತಾಗ ಅನ್ನಿಸುತ್ತದೆ. ಮೊದಲೆಲ್ಲ ನಾನು ಅಲ್ಲಿ ಈ ಆಗಸ್ಟ್ ಹೇಗೋ ದಾಟಿಸಿ ತಾಯಿ ಅಂತ ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ. ಭಯ ಹೋಗಿಲ್ಲ. ಆದರೆ ಅಕ್ಕನ ಹೆಸರು ನನ್ನ ಹೆಸರಿಗಿಂತ ಮೊದಲು ಬರುತ್ತದೆ.

ಈ ಸಲ ವಾಪಸು ಬರುವಾಗ ಮೂರ್ನಾಡಿನ ಹತ್ತಿರ ಫೋನಿಗೆ ಒಂದು ಮೆಸೇಜ್ ಬಂತು. ಕೊಡಗಿಗೆ ಮತ್ತೆ ದೊಡ್ಡ ಗಂಡಾಂತರ ಇದೆ, ದೇವರು ತೋರಿಸಿದ್ದಾರೆ, ಇಪ್ಪತ್ತು ಜನರಿಗೆ ಕಳಿಸಿ ಅಂತ. ಎದೆ ಒಂದು ಸಲ ಹೊಡೆದುಕೊಂಡಿತು. ಯಾರಿಗೂ ಕಳಿಸಲಿಲ್ಲ. ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ಒರತೆಯ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ ಮನೆ ಬಿಟ್ಟು ಹೊರಡಿ ಅಂತ ನಮಗೆ ಹೇಳಿಕೊಟ್ಟವರೂ ಇದ್ದಾರೆ. ಅವರು ಊರಿಗೆಲ್ಲ ಹೇಳಿದರು, ಯಾರ ಹತ್ತಿರವೂ ಏನೂ ಕೇಳಲಿಲ್ಲ. ಕೆಳಗಿನ ಮನೆಗೆ ಫೋನ್ ಮಾಡಿದೆ.

"ಒರತೆ ನೀರು ತಿಳಿಯಾಗಿದೆಯಾ ಅಕ್ಕ?"

"ಈಗ ತಾನೇ ನೋಡಿ ಬಂದೆ. ತಿಳಿಯಾಗಿದೆ. ನಿನ್ನ ಮನೆ ಹಿಂದೆಯೂ ಒಂದು ಸುತ್ತು ಹಾಕಿ ಬಂದೆ. ಬರುವಾಗ ಮಡಿಕೇರಿಯಲ್ಲಿ ಸ್ವಲ್ಪ ಶುಂಠಿ ತಗೊಂಡು ಬಾ."