ಗೋಳಗುಮ್ಮಟದಲ್ಲಿ ರಾಮನ್ ಕೇಳಿದ ಸದ್ದು

ಬಾಗಲಕೋಟೆ ಕಡೆಯಿಂದ ರೈಲಿನಲ್ಲಿ ಬಂದರೆ ವಿಜಯಪುರ ತಲುಪುವ ಮುಂಚೆಯೇ ಗೋಳಗುಮ್ಮಟ ಕಾಣಿಸುತ್ತದೆ. ಸ್ಟೇಷನ್ನಿಗೆ ಹತ್ತಿರವೇ. ಚಹಾ ಕುಡಿದು ನಡೆದೇ ಹೋದೆವು. ಜೊತೆಗೆ ಸೋದರಮಾವ. ತಬಲಾ ಬಾರಿಸುವವರು, ಕಿವಿ ಬಲು ಚುರುಕು. ಅದಕ್ಕೇ ಕರೆದುಕೊಂಡು ಹೋಗಿದ್ದು.

ನನಗೆ ಬೇಕಿದ್ದದ್ದು ಮಹಮ್ಮದ್ ಆದಿಲ್‌ಶಾಹನ ಗೋರಿಗಿಂತ ಸಿ.ವಿ. ರಾಮನ್ ಕಿವಿಗೊಟ್ಟಿದ್ದ ಸದ್ದು. ಶಾಲೆಯಲ್ಲಿ ನಮಗೆ ರಾಮನ್ ಅಂದ್ರೆ ಬೆಳಕು, 1928ರ ಫೆಬ್ರವರಿ 28, 1930ರ ನೊಬೆಲ್. ಮುಗೀತು. ಅದಕ್ಕೂ ಮುಂಚೆ ವರ್ಷಗಟ್ಟಲೆ ಅವರು ಸದ್ದಿನ ಬೆನ್ನು ಬಿದ್ದಿದ್ದರು. ಕಲ್ಕತ್ತದಲ್ಲಿ ಸರ್ಕಾರದ ಲೆಕ್ಕಪತ್ರದ ನೌಕರಿ, ಅದರ ಆಚೀಚೆ ಪ್ರಯೋಗಶಾಲೆ. ಪಿಟೀಲು, ವೀಣೆ, ಮೃದಂಗ ಯಾವುದನ್ನೂ ಬಿಡಲಿಲ್ಲ.

1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಸಿಕ್ಕಿತು. ಅಲ್ಲಿ ಗೋಡೆಯ ಹತ್ತಿರ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ. ಸದ್ದು ಬಾಗಿದ ಗೋಡೆಗೆ ಅಂಟಿಕೊಂಡೇ ಸುತ್ತುತ್ತದೆ ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ ಮೊದಲೇ ವಿವರಿಸಿದ್ದರು. ರಾಮನ್ ಮತ್ತು ಜೊತೆಗೆ ಕೆಲಸ ಮಾಡಿದ ಸದರ್ಲ್ಯಾಂಡ್ ಅದರಲ್ಲಿ ಇನ್ನೊಂದು ಸೂಕ್ಷ್ಮ ಕಂಡರು: ಗೋಡೆಯಿಂದ ಸರಿದಂತೆ ಸದ್ದು ಒಂದೇ ಸಮನೆ ತಗ್ಗುವುದಿಲ್ಲ, ನಡುನಡುವೆ ಏರಿಳಿಯುತ್ತದೆ. ಅಲ್ಲಿಂದ ವಾಪಸ್ ಬರುವ ಹಡಗಿನಲ್ಲೇ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಬೆಳಕಿನ ಕಡೆ ಎಳೆದಿದ್ದು. ಆದರೂ ಸದ್ದನ್ನು ಕೈಬಿಡಲಿಲ್ಲ. ನಮ್ಮ ದೇಶದ ಗುಮ್ಮಟಗಳನ್ನೂ ಪರೀಕ್ಷಿಸಿದರು, ಗೋಳಗುಮ್ಮಟವನ್ನೂ.

ಮೂಲೆಯ ಗೋಪುರದೊಳಗಿನ ಮೆಟ್ಟಿಲು ಕಿರಿದು, ಎತ್ತರ. ಏಳು ಅಂತಸ್ತು ಹತ್ತುವಷ್ಟರಲ್ಲಿ ಮಾವ ಏದುಸಿರು ಬಿಡುತ್ತಿದ್ದರು. ಮೇಲೆ, ಗುಮ್ಮಟದ ಒಳಗೋಡೆಗುಂಟ ಸುತ್ತುವ ಪಡಸಾಲೆಯಲ್ಲಿ, ಶಾಲೆ ಮಕ್ಕಳ ದಂಡು. ಕಿರುಚಾಟ, ಸಿಳ್ಳೆ, ಚಪ್ಪಾಳೆ. ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳುತ್ತದೆ, ಮಜಾ ಅನಿಸುತ್ತದೆ ನಿಜ. ಆದರೆ ಜನ ಅಷ್ಟು ಕೇಳಿ ಇಳಿದುಬಿಡುತ್ತಾರಲ್ಲ, ಅದೇ ಬೇಜಾರು.

“ಈ ಹುಡುಗ್ರು ಇಳೀಲಿ ತಡಿ,” ಅಂದರು ಮಾವ.

ಗದ್ದಲ ಕಡಿಮೆಯಾದ ಮೇಲೆ ಅವರು ಎದುರು ಬದಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಗೋಡೆಗುಂಟ ಬಂದರೆ ಹೆಚ್ಚುಕಡಿಮೆ 60. ಸೆಕೆಂಡಿಗೆ 340 ಮೀಟರ್ ಓಡುವ ಸದ್ದಿಗೆ ಅದೇನು ಮಹಾ! ಕಿವಿಯನ್ನು ಗೋಡೆಗೆ ತಂದೆ. ಮೊದಲು ಪಾರಿವಾಳದ ರೆಕ್ಕೆ, ಯಾರದೋ ಕೆಮ್ಮು. ಆಮೇಲೆ ಪಕ್ಕದಲ್ಲೇ ಹೇಳಿದಂತೆ ತಬಲಾದ ಬೋಲು, “ಧಾ ಧಿಂ ಧಿಂ ಧಾ.” ತುಟಿ ಬಿಚ್ಚಿದ ಸದ್ದು ಸಹ ಕೇಳಿತು. ತಲೆಯನ್ನು ಮೊಳದಷ್ಟು ಈಚೆಗೆ ತಂದೆ, ಬೋಲು ಮಸುಕಾಯಿತು. ಆ ಏರಿಳಿತ ಮಾತ್ರ ನನ್ನ ಕಿವಿಗೆ ಸಿಗಲಿಲ್ಲ.

ಇಳಿದು ಖಾನಾವಳಿಗೆ ಹೋದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ತಿನ್ನುತ್ತಾ ಮಾವನಿಗೆ ರಾಮನ್‌ರ 1920ರ ಕೆಲಸ ಹೇಳಿದೆ. ಬರೀ ಚರ್ಮ ಬಿಗಿದ ವಾದ್ಯದಲ್ಲಿ ಏಳುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಾದ ಮೇಲಿನ ಕಪ್ಪು ಲೇಪ ಚರ್ಮದ ನಡುಭಾಗಕ್ಕೆ ಭಾರ ಕೊಟ್ಟು ಆ ಸ್ವರಗಳ ಕಂಪನವನ್ನು ತಂತಿವಾದ್ಯದ ಹಾಗೆ ಒಂದರ ಎರಡು ಪಟ್ಟು, ಮೂರು ಪಟ್ಟು ಲೆಕ್ಕಕ್ಕೆ ತರುತ್ತದೆ.

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಕಪ್ಪು ಒಡೀತಂದ್ರ ನಾದಾನ ಹೋಗ್ತೈತಿ, ಅದು ನಮಗ ಗೊತ್ತು. ಯಾಕ ಹೋಗ್ತೈತಿ ಅಂತ ಇಷ್ಟ ವರ್ಷ ಯಾರೂ ಹೇಳಿರಲಿಲ್ಲ ನೋಡು. ಆ ಮೂರು ಪಟ್ಟಿಂದ ಇನ್ನೊಮ್ಮೆ ಹೇಳು.”