ನಿದ್ದೆ ಮಾಡದ ಕಾರು

ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಡಾಕ್ಟರುಗಳು ಜಾಸ್ತಿ, ಅವರ ಮನೆ ಮುಂದೆ ಹಳೆಯ ಜರ್ಮನ್ ಕಾರುಗಳೂ ಜಾಸ್ತಿ. ಹೊಸದರಲ್ಲಿ ಐವತ್ತು ಲಕ್ಷ ಬಾಳಿದ ಗಾಡಿ, ಹದಿನೈದು ವರ್ಷ ಆದಮೇಲೆ ಬೆಂಗಳೂರಿನಲ್ಲಿ ಸಣ್ಣದೊಂದು ಹೊಸ ಕಾರಿನ ದುಡ್ಡಿಗೆ ಸಿಗುತ್ತದೆ. ತಂದು ಓಡಿಸುವುದರಲ್ಲಿ ತಪ್ಪೇನಿಲ್ಲ. ಆ ಬಾಗಿಲು ಮುಚ್ಚುವ ಸದ್ದು, ವೈರುಗಳಿಗೆ ನೀಟಾಗಿ ಸುತ್ತಿದ ಬಟ್ಟೆ ಟೇಪು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಎಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಬರುತ್ತದೆ. ಮೊದಲು ತಕರಾರು ತೆಗೆಯುವುದು ಕರೆಂಟು.

ನನ್ನದು ಪಿ.ಬಿ. ರಸ್ತೆ ಪಕ್ಕದ ಆಟೋ ಎಲೆಕ್ಟ್ರಿಕಲ್ ಅಂಗಡಿ. ಲಾರಿಯ ಸೆಲ್ಫು, ಟ್ರ್ಯಾಕ್ಟರ್ ಡೈನಮೋ, ಭದ್ರಾ ನಾಲೆ ಕಡೆಯಿಂದ ಬರುವ ಭತ್ತ ಕೊಯ್ಯುವ ಮಷಿನ್‌ಗಳ ವೈರಿಂಗ್, ಇವೇ ನಿತ್ಯದ ಕೆಲಸ. ಕಳೆದ ಜುಲೈನಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದಾಗ, ವಿದ್ಯಾನಗರದ ಡಾಕ್ಟರೊಬ್ಬರು ತಮ್ಮ 2009ರ ಕಾರನ್ನು ತಳ್ಳಿಸಿಕೊಂಡೇ ಬಂದರು. ಎರಡು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹೊಸದು. ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್, ಏರ್‌ಬ್ಯಾಗ್, ಗೇರ್‌ಬಾಕ್ಸ್, ಸ್ಟೇರಿಂಗ್ ಎಲ್ಲದರ ದೀಪಗಳೂ ಒಟ್ಟಿಗೆ ಉರಿಯುತ್ತವೆ. ರಾತ್ರಿ ಕಿಟಕಿ ಗಾಜು ತಾನೇ ಇಳಿದು ಸೀಟು ನೆಂದಿದ್ದೂ ಉಂಟು. ಹೊರಗಿನ ಒಂದು ವರ್ಕ್‌ಶಾಪಿನಲ್ಲಿ, ಕಾರಿನ ದೋಷದ ಕೋಡು ಓದುವ ಸ್ಕ್ಯಾನರ್ ಹಾಕಿ, ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್ಟೇ (ಗೇರ್‌ಬಾಕ್ಸ್ ನೋಡಿಕೊಳ್ಳುವ ಸಣ್ಣ ಕಂಪ್ಯೂಟರ್ ಪೆಟ್ಟಿಗೆ) ಹೋಗಿದೆ ಎಂದು ಲಕ್ಷದ ಲೆಕ್ಕ ಬರೆದುಕೊಟ್ಟಿದ್ದರು.

“ಸ್ಕ್ಯಾನರ್‌ನಲ್ಲೇ ಗೇರ್‌ಬಾಕ್ಸ್ ಅಂತ ಬಂದಿದೆಯಲ್ಲಪ್ಪಾ” ಅಂದರು ಡಾಕ್ಟರು.

“ಸರ್, ಗೇರ್‌ಬಾಕ್ಸ್ ಯೂನಿಟ್ಟು ಉತ್ತರ ಕೊಡಲಿಲ್ಲ ಅಂತ ಅದು ಹೇಳ್ತಿದೆ. ಯಾಕೆ ಕೊಡಲಿಲ್ಲ ಅಂತ ನಾವು ಹುಡುಕಬೇಕು. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳುತ್ತೆ, ಯಾಕೆ ಬಂತು ಅಂತ ನೀವು ನೋಡ್ತೀರಲ್ವಾ?”

ಅವರಿಗೆ ಅದು ಒಪ್ಪಿತು. ಗಾಡಿ ಬಿಟ್ಟು ಹೋದರು.

ಇಂಥ ಕಾರಿನಲ್ಲಿ ನಾನು ಸ್ಕ್ಯಾನರ್‌ಗಿಂತ ಮೊದಲು ಮೀಟರ್ ಹಿಡಿಯುತ್ತೇನೆ. ಬ್ಯಾಟರಿ ಬಾನೆಟ್ಟಿನಲ್ಲಿಲ್ಲ, ಡಿಕ್ಕಿಯ ನೆಲದಡಿ ಇದೆ. 11.7 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿ 12.6ರ ಆಸುಪಾಸು ಇರಬೇಕು. 11.7 ಅಂದರೆ ಬಹುಪಾಲು ಖಾಲಿ. ಬ್ಯಾಟರಿ ಇಷ್ಟು ಇಳಿದಾಗ ಸೆಲ್ಫ್ ಹೊಡೆದರೆ ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಆ ಕ್ಷಣಕ್ಕೆ ಒಂದೊಂದೇ ಯೂನಿಟ್ಟು ಆಫ್ ಆಗುತ್ತದೆ, ಉಳಿದವು ‘ಅದು ಕಾಣಿಸ್ತಿಲ್ಲ’ ಎಂದು ದೂರು ಬರೆದಿಡುತ್ತವೆ. ಅದಕ್ಕೇ ಅಷ್ಟೊಂದು ದೀಪ. ಮೊದಲು ಪೂರ್ತಿ ಚಾರ್ಜ್ ಮಾಡಿ, ಕೋಡುಗಳನ್ನೆಲ್ಲ ಅಳಿಸಿ, ಎಂಜಿನ್ ಓಡಿಸಿದೆ. 14.2 ವೋಲ್ಟ್ ಬಂತು, ಡೈನಮೋದಲ್ಲಿ ತಪ್ಪಿಲ್ಲ. ಗೇರ್‌ಬಾಕ್ಸಿನ ಕೋಡು ತಿರುಗಿ ಬರಲೇ ಇಲ್ಲ. ಉಳಿದದ್ದು ಒಂದೇ ಒಂದು: ಹಿಂಭಾಗದ ಕಂಫರ್ಟ್ ಯೂನಿಟ್ಟಿನದು. ಕಿಟಕಿ, ಸೆಂಟ್ರಲ್ ಲಾಕ್, ಡಿಕ್ಕಿಯ ದೀಪ ಇವನ್ನೆಲ್ಲ ನೋಡಿಕೊಳ್ಳುವ ಪೆಟ್ಟಿಗೆ ಅದು.

ಆದರೂ ಚಾರ್ಜ್ ಎಲ್ಲಿ ಸೋರುತ್ತಿದೆ ಎಂದು ಕಣ್ಣಾರೆ ನೋಡದೆ ನನಗೆ ಸಮಾಧಾನ ಇರುವುದಿಲ್ಲ. ಬಾಗಿಲು ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕೂರಿಸಿದೆ, ಕಾರಿಗೆ ಬಾಗಿಲು ಮುಚ್ಚಿದೆ ಅನ್ನಿಸಲಿ ಎಂದು. ಕೀಯನ್ನು ಅಂಗಡಿಯ ಇನ್ನೊಂದು ತುದಿಯ ಡ್ರಾಯರ್‌ಗೆ ಹಾಕಿಸಿದೆ. ಬ್ಯಾಟರಿಯ ನೆಗೆಟಿವ್ ಕೇಬಲ್ಲಿಗೆ, ವೈರು ಬಿಚ್ಚದೆ ಹೊರಗಿನಿಂದಲೇ ಕರೆಂಟು ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿ ಸುಮ್ನೆ ಕೂತೆವು. ಈ ಕಾರುಗಳು ಲಾಕ್ ಮಾಡಿದ ತಕ್ಷಣ ಮಲಗುವುದಿಲ್ಲ. ಒಂದೊಂದೇ ಯೂನಿಟ್ಟು ನಿದ್ದೆಗೆ ಹೋಗಲು ಅರ್ಧ ಗಂಟೆ ಬೇಕಾಗಬಹುದು. ಆ ಹೊತ್ತಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತರಿಸಿ ತಿಂದೆವು. ಅಂಗಡಿಯ ಹುಡುಗನಿಗೆ ತಾಳ್ಮೆ ಇರಲಿಲ್ಲ, “ಅಣ್ಣಾ, ಒಂದೊಂದೇ ಫ್ಯೂಸ್ ಕಿತ್ತು ನೋಡೋಣ” ಎನ್ನುತ್ತಲೇ ಇದ್ದ. ಲಾರಿಯಲ್ಲಾದರೆ ಅದೇ ಸರಿ. ಇಲ್ಲಿ ಫ್ಯೂಸ್ ಕಿತ್ತು ಮತ್ತೆ ಹಾಕಿದರೆ ಮಲಗಿದ್ದ ಯೂನಿಟ್ಟುಗಳು ಎದ್ದು ಕೂರುತ್ತವೆ, ಲೆಕ್ಕ ಮತ್ತೆ ಮೊದಲಿನಿಂದ.

ಮುಕ್ಕಾಲು ಗಂಟೆ ಕಳೆದರೂ ಮೀಟರ್ 0.8 ಆಂಪಿಯರ್‌ಗಿಂತ ಕೆಳಗೆ ಬರಲಿಲ್ಲ. ಮಲಗಿದ ಕಾರು 0.05ರ ಒಳಗಿರಬೇಕು. 0.8 ಅಂದರೆ ದಿನಕ್ಕೆ 19 ಆಂಪಿಯರ್-ಅವರ್. 80ರ ಬ್ಯಾಟರಿ ಎರಡು ಮೂರು ದಿನಕ್ಕೆ ಸೆಲ್ಫ್ ಹೊಡೆಯಲಾರದಷ್ಟು ಸೊರಗುತ್ತದೆ. ಡಾಕ್ಟರು ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು.

ಫ್ಯೂಸುಗಳನ್ನು ಕೀಳದೆಯೇ ನೋಡುವ ದಾರಿ ಇದೆ. ಪ್ರತಿ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಅವೆರಡಕ್ಕೂ ಮುಟ್ಟಿಸಿದರೆ, ಕರೆಂಟು ಹರಿಯದ ಫ್ಯೂಸು ಸೊನ್ನೆ ತೋರಿಸುತ್ತದೆ, ಹರಿಯುತ್ತಿರುವುದು ಒಂದಿಷ್ಟು ಮಿಲಿವೋಲ್ಟ್ ತೋರಿಸುತ್ತದೆ. ಹುಡುಗನ ಕೈಗೇ ಮೀಟರ್ ಕೊಟ್ಟೆ. ಸಾಲಾಗಿ ಮುಟ್ಟಿಸುತ್ತಾ ಹೋದ. ಸೊನ್ನೆ, ಸೊನ್ನೆ, ಸೊನ್ನೆ. ಹಿಂದಿನ ಸಾಲಿನಲ್ಲಿ ಒಂದು ಕಡೆ ಅಂಕಿ ಏರಿತು. “ಅಣ್ಣಾ, ಇಲ್ಲಿದೆ!” ಅಂತ ಕೂಗಿದ. ಕಂಫರ್ಟ್ ಯೂನಿಟ್ಟಿನ ಫ್ಯೂಸೇ ಅದು.

ಡಿಕ್ಕಿಯ ಬಲಗಡೆಯ ಕಾರ್ಪೆಟ್ ಬಿಚ್ಚಿದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೆಳಗಿನ ಫೋಮು ಹಿಂಡಿದರೆ ನೀರು. ಪೆಟ್ಟಿಗೆಯ ಕಪ್ಲರ್ ಎಳೆದೆ. ಪಿನ್ನುಗಳ ಮೇಲೆ ಹಸಿರು ಪುಡಿ ಕೂತಿತ್ತು, ಒಂದು ಪಿನ್ ಅರ್ಧಕ್ಕರ್ಧ ತಿಂದುಹೋಗಿತ್ತು. ನೀರು ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸ್ವಲ್ಪಸ್ವಲ್ಪ ಕರೆಂಟು ದಾಟಿಸುತ್ತದೆ, ಯೂನಿಟ್ಟು ಯಾರೋ ಸ್ವಿಚ್ ಒತ್ತಿದರು ಎಂದುಕೊಂಡು ಗಾಜು ಇಳಿಸುತ್ತದೆ. ಈ ಯೂನಿಟ್ಟುಗಳೆಲ್ಲ ಮಾತಾಡುವುದು ಒಂದಕ್ಕೊಂದು ಹೆಣೆದ ಎರಡೇ ವೈರುಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಬಸ್ ಅನ್ನುವ ಪದ್ಧತಿ ಅದು. ಆ ವೈರಿನ ಮೇಲೆ ಒಂದು ಯೂನಿಟ್ಟು ಮಾತಾಡುತ್ತಲೇ ಇದ್ದರೆ ಜೊತೆಯವೂ ಮಲಗುವುದಿಲ್ಲ. 0.8 ಆಂಪಿಯರ್ ಆ ಪೆಟ್ಟಿಗೆ ಒಂದರದ್ದೇ ಅಲ್ಲ, ಅದು ಎಬ್ಬಿಸಿ ಕೂರಿಸಿದವುಗಳದ್ದೂ ಅದರಲ್ಲಿ ಸೇರಿತ್ತು.

ಪೆಟ್ಟಿಗೆ ಬದಲಿಸಿದರೂ ನೀರು ನಿಲ್ಲದಿದ್ದರೆ ಮುಂದಿನ ಮಳೆಗೆ ಅದೇ ಕಥೆ. ಸನ್‌ರೂಫ್ ತೆರೆದು ಅದರ ಚೌಕಟ್ಟಿನ ಮೂಲೆಗಳಿಗೆ ಲೋಟದಿಂದ ನಿಧಾನ ನೀರು ಬಿಟ್ಟೆ. ಸನ್‌ರೂಫು ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಬಂದದ್ದನ್ನು ಮೂಲೆಯ ಪೈಪುಗಳಿಂದ ಕೆಳಗೆ ಇಳಿಸುತ್ತದೆ. ಮುಂದಿನ ಎರಡೂ ಚಕ್ರದ ಹತ್ತಿರ ನೀರು ಸುರಿಯಿತು. ಹಿಂದಿನ ಎಡಕ್ಕೂ ಸುರಿಯಿತು. ಹಿಂದಿನ ಬಲಮೂಲೆಯಲ್ಲಿ ಮಾತ್ರ ನೀರು ನಿಂತೇ ಇತ್ತು. ಕಾರು ವರ್ಷಪೂರ್ತಿ ನಿಲ್ಲುವುದು ಅವರ ಮನೆಯ ಹೊಂಗೆ ಮರದ ಕೆಳಗೆ. ಹುಲ್ಲು ಕತ್ತರಿಸುವ ಮಷಿನ್ನಿನ ನೈಲಾನ್ ದಾರ ತೂರಿಸಿ ಆಡಿಸಿದಾಗ ಹೊಂಗೆ ಹೂವು ಕೊಳೆತು ಕಟ್ಟಿದ ಕಪ್ಪು ಮುದ್ದೆ ಕೆಳಗೆ ಬಿತ್ತು. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ದಯವಿಟ್ಟು. ಹಳೆಯ ಪೈಪು ಒಳಗೇ ಕಳಚಿಕೊಂಡರೆ ನೀರೆಲ್ಲ ಛಾವಣಿಯ ಬಟ್ಟೆಗೆ ಇಳಿಯುತ್ತದೆ.

ಪೆಟ್ಟಿಗೆ ಬಿಚ್ಚಿ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆ ಬ್ರಷ್ಷಿನಿಂದ ತೊಳೆದೆ. ಬೋರ್ಡಿನ ಮೇಲಿನ ತಾಮ್ರದ ಗೆರೆಗಳು, ಅಂದರೆ ಟ್ರ್ಯಾಕುಗಳು, ಗಟ್ಟಿ ಇದ್ದವು. ರಾತ್ರಿಯಿಡೀ ಫ್ಯಾನ್ ಕೆಳಗೆ ಒಣಗಲು ಇಟ್ಟೆ. ತಿಂದುಹೋದ ಪಿನ್ನಿಗೆ ಹೊಸದು ಹಾಕಿದೆ. ಅಲ್ಲೇ ಪಕ್ಕದ ಅರ್ತ್ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಲೈಟು ಹಾಕಿ ಬೋಲ್ಟಿಗೂ ಬ್ಯಾಟರಿ ನೆಗೆಟಿವ್‌ಗೂ ಮೀಟರ್ ಇಟ್ಟರೆ 0.6 ವೋಲ್ಟ್ ಕಾಣಿಸಿತು. ಎಮ್ರಿ ಪೇಪರ್‌ನಲ್ಲಿ ಉಜ್ಜಿ ಬರಿ ಲೋಹ ಕಂಡಮೇಲೆ 0.1ಕ್ಕಿಂತ ಕೆಳಗೆ ಇಳಿಯಿತು. ಮರುದಿನ ಎಲ್ಲ ಜೋಡಿಸಿ, ಲಾಕ್ ಮಾಡಿ ಕಾದಾಗ ಮೀಟರ್ 0.03ಕ್ಕೆ ಬಂದು ನಿಂತಿತು. ಹುಡುಗ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡ.

ನನ್ನ ಕೂಲಿ ಒಂದು ಹೊಸ ಬ್ಯಾಟರಿಯ ಬೆಲೆಗಿಂತ ಕಡಿಮೆ ಆಯಿತು. ಡಾಕ್ಟರು ಕಾರನ್ನು ಈಗ ಶೀಟಿನ ಕೆಳಗೆ ನಿಲ್ಲಿಸುತ್ತಿದ್ದಾರೆ. ಮೇ ತಿಂಗಳಲ್ಲೇ ನಾಲ್ಕೂ ಪೈಪು ತೊಳೆಸಲು ಬರುತ್ತೇನೆ ಅಂದಿದ್ದಾರೆ. ಹಿಂದಿನ ಎಡ ಕಿಟಕಿ ಮಾತ್ರ ಏರುವಾಗ ಇನ್ನೂ ನಿಧಾನ, ಅದು ಮೋಟರ್ ಸವೆದದ್ದು. ಬೆಂಗಳೂರಿನ ಹಳೆ ಸಾಮಾನಿನವರಿಗೆ ನಂಬರ್ ಹೇಳಿಟ್ಟಿದ್ದೇನೆ, ಸಿಕ್ಕ ದಿನ ಹಾಕಿಕೊಡುತ್ತೇನೆ.